ಗಂಟೆ ಹೊಡೆದು ಮೈ ಬದಲಿಸಿದ ತಾಯಿ

ಇಟಗಿ ಭೀಮವ್ವನ ದರ್ಶನಕ್ಕೆಂದು ರೋಣದಲ್ಲಿ ಬಸ್ ಹತ್ತಿ, ಮೊಬೈಲಿನಲ್ಲಿ ಒಂದು ಹಾಸ್ಯದ ಸಿನಿಮಾ ಹಚ್ಚಿದ್ದೆ. ಅದರಲ್ಲಿ ಗುಡಿಯ ಗಂಟೆ ಹೊಡೆದ ಕೂಡಲೇ ಕಾಲು ಮುರಿದ ಮಗಳ ಮೈ ತಾಯಿಗೆ, ತಾಯಿಯ ಮೈ ಮಗಳಿಗೆ ಬರುತ್ತದೆ. ತಾಯಿ ಕುಂಟಿದಾಗಲೆಲ್ಲ ನಗಬೇಕಂತೆ. ನನಗೆ ನಗು ಬರಲಿಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳು ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು.

"ಅಣ್ಣಾರ, ಆ ಗುಡಿ ಎಲ್ಲೈತ್ರಿ?"

"ಅದು ಸಿನಿಮಾ ತಂಗೀ, ಖರೇ ಅಲ್ಲ."

"ಎಲ್ಲ್ಯರ ಇರಬೇಕಲ್ರಿ. ನನ್ನ ಮಗಳು ದವಾಖಾನ್ಯಾಗ ಮಲಗ್ಯಾಳ. ಸೊಂಟದ ಕೆಳಗ ಸ್ವಾಧೀನ ಇಲ್ಲ. ನನ್ನ ಮೈ ಆಕಿಗೆ ಕೊಟ್ಟು ನಾ ಮಲಗತೀನ್ರಿ."

"ಭೀಮವ್ವ ಅದಾಳ" ಅಂದೆ.

ಕಡೆಗೆ ಸಿನಿಮಾದಲ್ಲಿ ಮತ್ತೆ ಗಂಟೆ ಹೊಡೆದು, ಇಬ್ಬರೂ ತಮ್ಮ ತಮ್ಮ ಮೈಗೆ ಮರಳಿದರು.

"ಥೂ! ಮುರಿದ ಕಾಲು ಮಗಳಿಗೇ ಕೊಟ್ಟು ಬಂದ್ಲಲ್ರಿ! ಇಕಿ ಎಂಥಾ ತಾಯಿ?"

ಇದಕ್ಕೆ ಹಾಸ್ಯಚಿತ್ರ ಅಂತ ಹೆಸರಿಟ್ಟವರನ್ನು ದೇವರು ಚಲೋ ಇಡಲಿ.