ಮಲ್ಲಿಗೆ ಕಟ್ಟುತ್ತಾ ಇಂಗ್ಲಿಷ್ ಕಲಿಸಿದ ಬಾಯಮ್ಮನವರ ಕುರಿತು

ಕಳೆದ ತಿಂಗಳು ಒಂದು ಬೆಳಿಗ್ಗೆ, ನಾನು ಕೆಲಸ ಮಾಡುವ ಮಣಿಪಾಲದ ಹಲ್ಲಿನ ಕ್ಲಿನಿಕ್ಕಿನ ಕೌಂಟರಿನ ಮೇಲೆ ಕಾರ್ಕಳ ಕಡೆಯ ಹಿರಿಯ ಹೆಂಗಸೊಬ್ಬರು ಕೈಯೂರಿ ನಿಂತರು. ಅವರ ಬೆರಳುಗಳಿಂದ ನೀರಿನಲ್ಲಿ ನೆನೆದ ಬಾಳೆನಾರಿನ ವಾಸನೆ ಬಂದಿತು. ಮಲ್ಲಿಗೆಯ ಪರಿಮಳವಲ್ಲ, ಮಲ್ಲಿಗೆ ಕಟ್ಟುವ ನಾರಿನ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಮಣ್ಣು... ಸದರಿ ವಾಸನೆಯ ಕಾರಣದಿಂದಲೇ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿರುತ್ತೇನೆ. ಇದುವರೆಗೆ ರಜಾ ಅರ್ಜಿ ಹಾಗೂ ಕ್ಲಿನಿಕ್ಕಿನ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳು ನಾನಲ್ಲ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ವಿಷಯವು ಕಾಪು ಸಮೀಪದ ನಮ್ಮ ಆಚೆಮನೆಯಲ್ಲಿದ್ದ ಬಾಯಮ್ಮನವರಿಗೆ ಸಂಬಂಧಿಸಿದ್ದು. ಕೊಂಕಣಿ ಮಾತನಾಡುವ ಕ್ರೈಸ್ತ ಹಿರಿಯ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುವುದು ರೂಢಿ. ಅವರು ಕುವೈತಿನ ಒಂದು ಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸಕ್ಕಿದ್ದು, ಒಂದು ಪೆಟ್ಟಿಗೆಯೊಂದಿಗೆ ಹಿಂದಿರುಗಿದ್ದರು. ಪ್ರತಿದಿನ ಬೆಳಿಗ್ಗೆ ತಮ್ಮ ನಾಲ್ಕು ಗಿಡಗಳ ಮೊಗ್ಗನ್ನು ಸೆರಗಿನಲ್ಲಿ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಅಮ್ಮ, ನಾನು ಮತ್ತು ಅವರು ಸೇರಿ, ಹೂ ಕೊಳ್ಳುವ ಏಜೆಂಟರ ಗಾಡಿ ಬರುವುದರೊಳಗೆ ಹೂ ಕಟ್ಟಿ ಮುಗಿಸಬೇಕಿತ್ತು. ಗಾಡಿ ಯಾರಿಗೂ ಕಾಯುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎರಡು ಬಾರಿ ಅನುತ್ತೀರ್ಣಳಾಗಿದ್ದೆ. ಊರಿನಲ್ಲಿ ನನ್ನ ಹೆಸರು ಹೋಗಿ "ಎರಡು ಸಲದವಳು" ಎಂಬುದೇ ಉಳಿದಿತ್ತು. ಅಂಥ ಸಮಯದಲ್ಲಿ ಈ ಕ್ಲಿನಿಕ್ಕಿಗೆ ಕೌಂಟರಿನಲ್ಲಿ ಕೂರಲು ಒಬ್ಬರು ಬೇಕೆಂದು ತಿಳಿಯಿತು. ಪರರಾಜ್ಯದ ವಿದ್ಯಾರ್ಥಿಗಳೇ ಹೆಚ್ಚಾಗಿ ಬರುವ ಸ್ಥಳವಾದ್ದರಿಂದ ಇಂಗ್ಲಿಷ್ ಮಾತನಾಡಲು ಬರಬೇಕಿತ್ತು. ಏನಾದರೂ ಸರಿ, ಆ ಕುರ್ಚಿಯಲ್ಲಿ ಕೂರಲೇಬೇಕೆಂದು ನಾನು ನಿರ್ಧರಿಸಿದೆ.

"ಅದಕ್ಕೆಂತ, ನಾನು ಕಲಿಸ್ತೇನೆ" ಎಂದರು ಬಾಯಮ್ಮ.

ಅವರ ಪಾಠ ಸುಲಭವಾಗಿತ್ತು. ಒಂದು ಕ್ರಿಯಾಪದ, ಅದರ ಬೆನ್ನಿಗೆ ಒಂದು ವಸ್ತು. ಬ್ರಿಂಗ್ ವಾಟರ್. ಹೋಲ್ಡ್ ಬೇಬಿ. ಕ್ಲೋಸ್ ಡೋರ್. ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವು ಇಂಗ್ಲಿಷಿನಲ್ಲಿ ವಸ್ತುವಿಗಿಂತ ಮುಂಚೆ ಬರುವುದನ್ನು ನನ್ನ ನಾಲಿಗೆಯು ಮೊದಲ ಬಾರಿಗೆ ಒಪ್ಪಿಕೊಂಡಿತು. ಎರಡು ತಿಂಗಳಲ್ಲಿ ಅಂಥ ನೂರಾರು ಜೋಡಿಗಳನ್ನು ಬಾಯಿಪಾಠ ಮಾಡಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆ.

ನೀವೇನು ಮಾಡುತ್ತಿದ್ದೀರಿ ಎಂದು ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೇಳಿದರು. "ಟೈ ಫ್ಲವರ್ಸ್" ಎಂದೆ. ಇಲ್ಲಿಗೆ ಬಂದ ಉದ್ದೇಶವನ್ನು ಕೇಳಿದರು. "ಗಿವ್ ಜಾಬ್" ಎಂದೆ.

ಅವರು ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಇಳಿದರು. "ಹೂ ಕಟ್ಟು ಅಂತ ನನಗೇ ಆರ್ಡರ್ ಮಾಡ್ತಿದ್ದೀರಲ್ಲ! ನಿಮ್ಮ ಬಗ್ಗೆ ನೀವು ಹೇಳುವಷ್ಟು ಕಲಿತು ಬನ್ನಿ. ಒಂದು ತಿಂಗಳು ಬೇರೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ."

ಕಾಪುವಿನಲ್ಲಿ ಬಸ್ಸಿಳಿದು ಬರುವಾಗ ಬಾಯಮ್ಮ ತಮ್ಮ ಗೇಟಿನಲ್ಲೇ ನಿಂತಿದ್ದರು. "ಎಂತ ಆಯ್ತು? ಬಾಯಿ ಬಿಡು ಮಾರಾಯ್ತಿ." ನಡೆದುದನ್ನು ಹೇಳಿದೆ. ಅವರು ಗೇಟು ಹಿಡಿದುಕೊಂಡು ನಕ್ಕರು. "ಡಾಕ್ಟರಿಗೇ ಆರ್ಡರಾ! ನೀನು ಜೋರುಂಟು. ನಾನು ಹತ್ತೊಂಬತ್ತು ವರ್ಷದಲ್ಲಿ ಒಬ್ಬರಿಗೂ ಹಾಗೆ ಹೇಳ್ಲಿಲ್ಲ..."

ಅಲ್ಲಿಗೆ ಅವರ ನಗು ನಿಂತಿತು.

"ಅದು ಆ ಮನೆಯವರು ನನಗೆ ಹೇಳಿದ ಇಂಗ್ಲಿಷ್, ಅಲ್ವಾ?" ಎಂದರು. "ನಾನು ಹೇಳಿದ್ದಲ್ಲ."

ಮರುದಿನ ಅವರು ಜಗಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ನಾನೇ ಹೋದೆ. ಅವರು ಒಬ್ಬರೇ ಕುಳಿತು ಹೂ ಕಟ್ಟುತ್ತಿದ್ದರು. "ನನ್ನದು ಕೆಲಸದವಳ ಇಂಗ್ಲಿಷ್. ಕಾಪುವಿನಲ್ಲಿ ಟ್ಯೂಷನ್ ಉಂಟಂತೆ, ಅಲ್ಲಿಗೆ ಹೋಗು" ಎಂದರು.

ನಾನು ಹೋಗುವುದಿಲ್ಲವೆಂದೂ, ಇನ್ನು ಮುಂದೆ ನಾವಿಬ್ಬರೂ ಒಟ್ಟಿಗೆ ಕಲಿಯತಕ್ಕದ್ದೆಂದೂ ತಿಳಿಸಿದೆ. ನನ್ನ ಹಳೆಯ ಪಠ್ಯಪುಸ್ತಕವನ್ನು ಜಗಲಿಯ ಮೇಲೆ ತೆರೆದಿಟ್ಟೆವು. ಒಂದು ನಿಯಮವನ್ನೂ ಮಾಡಿಕೊಂಡೆವು. ಪ್ರತಿ ಮೊಳ ಮುಗಿದಾಗ ಒಬ್ಬೊಬ್ಬರು ಒಂದು ವಾಕ್ಯ ಹೇಳಬೇಕು. ಅದರಲ್ಲಿ ಕ್ರಿಯಾಪದಕ್ಕಿಂತ ಮೊದಲು ಒಬ್ಬ ವ್ಯಕ್ತಿ ನಿಂತಿರಬೇಕು, ಮತ್ತು ಅದು ನಿಜವಾಗಿರಬೇಕು.

ನನ್ನ ವಾಕ್ಯಗಳು ಸಾಧಾರಣವಾದವು. ಐ ಟೈ ಫ್ಲವರ್ಸ್. ಐ ಫೇಲ್ಡ್ ಇಂಗ್ಲಿಷ್. ಬಾಯಮ್ಮ ಮೊದಮೊದಲು "ಐ" ಎಂದು ಹೇಳಿ ಮತ್ತೊಂದು ಮೊಗ್ಗಿಗೆ ಕೈ ಹಾಕುತ್ತಿದ್ದರು. ಆ ಒಂದು ಅಕ್ಷರವು ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. "ಯಾರಾದರೂ ಬೈದಾರೆಂದು ಹೆದರಿಕೆ ಆಗ್ತದೆ" ಎನ್ನುತ್ತಿದ್ದರು. ಅಮ್ಮ ನಾರು ಹಸಿ ಮಾಡುತ್ತಾ, "ಇಲ್ಲಿ ಬೈಯುವವಳು ನಾನೊಬ್ಬಳೇ, ಅದೂ ತುಳುವಿನಲ್ಲಿ. ನೀವು ಹೇಳಿ ಬಾಯಮ್ಮ" ಎಂದಳು.

ಒಂದು ಬೆಳಿಗ್ಗೆ ಅವರು ತಲೆಯೆತ್ತದೆ ಹೇಳತೊಡಗಿದರು. ಐ ವಾಶ್ಡ್ ಹಿಮ್. ಐ ಫೆಡ್ ಹಿಮ್. ಹಿ ಕಾಲ್ಡ್ ಮಿ ಮಮ್ಮ. ಐ ಲೆಫ್ಟ್ ಹಿಮ್.

ಕುವೈತಿನ ಆ ಮನೆಯ ಮಗುವನ್ನು ಅವರು ಸಾಕಿದ್ದರೆಂದು ನಮಗೆ ಅದೇ ದಿನ ತಿಳಿಯಿತು. ಇನ್ನೊಂದು ದಿನ, ಮೈ ಮದರ್ ಡೈಡ್, ಐ ಕುಕ್ಡ್ ಬಿರಿಯಾನಿ, ಎಂದರು. ಊರಿನಲ್ಲಿ ತಾಯಿ ತೀರಿಕೊಂಡ ದಿನ ಆ ಮನೆಗೆ ಅತಿಥಿಗಳು ಬಂದಿದ್ದರಂತೆ. ಕೊಂಕಣಿಯಲ್ಲಾಗಲಿ ತುಳುವಿನಲ್ಲಾಗಲಿ ಯಾರಿಗೂ ಹೇಳದಿದ್ದುದನ್ನು ಅವರು ಮೂರು ನಾಲ್ಕು ಪದಗಳ ವಾಕ್ಯಗಳಲ್ಲಿ ನಮ್ಮ ಜಗಲಿಯ ಮೇಲೆ ಇಟ್ಟರು. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಆ ದಿನ ಅವಳ ಕೈ ನಿಂತಿತ್ತು. ಹೂವಿನ ಗಾಡಿ ಹಾರ್ನ್ ಹಾಕಿ ಹೊರಟುಹೋಯಿತು...

ತಿಂಗಳು ತುಂಬಿದಾಗ ನಾನು ಪುನಃ ಡಾಕ್ಟರಮ್ಮನವರ ಮುಂದೆ ಕುಳಿತೆ. ನಾನು ಯಾರು, ಏನು ಮಾಡಿದೆ, ಯಾರೊಂದಿಗೆ ಕಲಿತೆ ಎಂಬುದನ್ನು ತಪ್ಪುತಪ್ಪಾಗಿಯೇ ಆದರೂ ನಿಲ್ಲಿಸದೆ ಹೇಳಿದೆ. ಸೋಮವಾರದಿಂದ ಬರುವಂತೆ ತಿಳಿಸಿದರು.

ಆ ಸೋಮವಾರ ಬಾಯಮ್ಮ ಬಸ್ಸಿನ ತನಕ ಬಂದಿದ್ದರು. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ನನ್ನ ಮೊಣಕೈ ಹಿಡಿದು, "ಐ ವಾಂಟ್..." ಎಂದರು. ಕಂಡಕ್ಟರ್ "ಬೇಗ ಬೇಗ, ರೈಟ್!" ಎಂದು ಕೂಗಿದ. "ಸಂಜೆ ಹೇಳಿ ಬಾಯಮ್ಮ" ಎಂದು ನಾನು ಹತ್ತಿಬಿಟ್ಟೆ. ಸಂಜೆ ನನ್ನ ಕುರ್ಚಿ, ನನ್ನ ಫೋನು, ನನ್ನ ರಿಜಿಸ್ಟರುಗಳ ಸುದ್ದಿಯನ್ನು ನಾನೇ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಬೆಳಗಿನ ಆ ಮಾತೇನೆಂದು ನಾನು ಕೇಳಲಿಲ್ಲ. ಅದೇ ವರ್ಷ ಅವರು ತೀರಿಕೊಂಡರು.

ಅವರಿಗೆ ಏನು ಬೇಕಾಗಿತ್ತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಆ ಕ್ರಿಯಾಪದದ ಮುಂದೆ ಎಷ್ಟೋ ಪದಗಳನ್ನು ಇಟ್ಟು ನೋಡಿದ್ದೇನೆ... ಯಾವುದೂ ಅವರದ್ದೆನಿಸಲಿಲ್ಲ.

ಕಾರ್ಕಳದ ಆ ಹೆಂಗಸು ಕಳೆದ ತಿಂಗಳು ಕೌಂಟರಿನಲ್ಲಿ ನಿಂತು, "ನನಗೆ..." ಎಂದು ಆರಂಭಿಸಿ ಮುಂದಿನದಕ್ಕೆ ತಡವರಿಸಿದರು. ಹಿಂದೆ ಸಾಲು ಬೆಳೆದಿತ್ತು. ಫೋನು ಹೊಡೆದುಕೊಳ್ಳುತ್ತಿತ್ತು. ನಾನು ಅದನ್ನು ಎತ್ತಲಿಲ್ಲ.

"ಹೇಳಿ, ಅವಸರ ಇಲ್ಲ" ಎಂದೆ.