ನನ್ನ ಇಂಗ್ಲಿಷ್ ವಿಶೇಷಣ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗಿದ್ದದ್ದು ಒಂದು ಇಂಗ್ಲಿಷ್ ವಿಶೇಷಣದ ಚಟ. ನಶ್ಯದವನು ಮೂಗು ಕೆಡಿಸಿಕೊಳ್ಳುತ್ತಾನೆ, ಇಸ್ಪೀಟಿನವನು ಮನೆ ಕೆಡಿಸಿಕೊಳ್ಳುತ್ತಾನೆ. ನಾನು ಕೆಡಿಸಿದ್ದು ಏನನ್ನು ಎಂದು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ. ಹೇಳಿ ಮುಗಿಸುವಷ್ಟು ಧೈರ್ಯ ಉಂಟೋ ಇಲ್ಲವೋ, ನೋಡಬೇಕು.

ಆ ಶಬ್ದ ‘ಇಂಜುಡೀಶಿಯಸ್’. ನಾನು ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ನಮ್ಮ ಬಿಳಿ ದೊರೆಗೆ ಬೈಯುವ ಅಭ್ಯಾಸವಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕಡಲಿಗೆ ಹಂಚಿನ ದೋಣಿ ಬಿಟ್ಟ ಮೇಸ್ತ್ರಿಯಿರಲಿ, ಒಲೆಗೆ ಹಸಿ ಸೌದೆ ಕೊಂಡವನಿರಲಿ, ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಇದೊಂದು ಶಬ್ದ ಬರೆದು ಅಡಿಗೆರೆ ಎಳೆದುಬಿಡುತ್ತಿದ್ದರು. ಮಾಡಿದ ಕೆಲಸದಲ್ಲಿ ವಿವೇಕವಿಲ್ಲ ಎಂಬಷ್ಟೇ ಅದರ ಅರ್ಥ. ಅದನ್ನು ಓದಿ ಹೇಳುವ ಕೆಲಸ ನನ್ನದು. ಕೇಳಿದವರು ತಲೆ ತಗ್ಗಿಸಿ ಹೋಗುತ್ತಿದ್ದರು. ಏಕೆ, ಏನು ಎಂದು ಒಬ್ಬನೂ ಕೇಳುತ್ತಿರಲಿಲ್ಲ.

ನಮ್ಮ ಭಾಷೆಗಳಲ್ಲಿ ಈ ಸೌಕರ್ಯ ಇಲ್ಲ. ಸಂಸ್ಕೃತದವರು ವಿನಾಶಕಾಲಕ್ಕೆ ವಿಪರೀತಬುದ್ಧಿ ಎಂದರು. ಅದನ್ನು ಹೇಳಬೇಕಾದರೆ ಎದುರಿಗಿದ್ದವನ ವಿನಾಶವನ್ನೂ ಬಯಸಬೇಕು. ಕನ್ನಡದಲ್ಲಿ ಅವಿವೇಕಿ ಎಂದರೆ ಜಗಳ. ತುಳುವಿನಲ್ಲಿ “ನಿಕ್ಕ್ ಮರ್ಲಾ?” ಎಂದು ಕೇಳಿದರಂತೂ, ಹುಚ್ಚು ಯಾರಿಗೆ ಎಂದು ಇತ್ಯರ್ಥವಾಗುವವರೆಗೆ ಯಾರೂ ಜಗಲಿ ಇಳಿಯುವುದಿಲ್ಲ. ಇಂಗ್ಲಿಷ್ ಶಬ್ದ ಹಾಗಲ್ಲ. ಅದು ಮನುಷ್ಯನನ್ನು ಮುಟ್ಟದೆ ಕೆಲಸದ ಮೇಲೆ ಮಾತ್ರ ಕೂರುತ್ತದೆ, ಆಡಿದವನ ಕೈಗೆ ಮಸಿ ಹತ್ತುವುದಿಲ್ಲ.

ಹೀಗೆಂದು ತಿಳಿದು ನಾನು ಅದನ್ನು ಉರ್ವದ ನಮ್ಮ ಮನೆಗೆ ತಂದೆ. ಅಮ್ಮ ಬಂಗುಡೆ ಸಾರಿಗೆ ಹುಳಿ ಹೆಚ್ಚು ಹಾಕಿದರೆ ಇಂಜುಡೀಶಿಯಸ್. ಹೆಂಡತಿ ಮೋಡ ನೋಡದೆ ಹಪ್ಪಳ ಒಣಗಿಸಿದರೆ ಇಂಜುಡೀಶಿಯಸ್. ಮನೆಯವರು ನಕ್ಕರು, ಆಮೇಲೆ ಸ್ವಲ್ಪ ಹೆದರಿದರು. ಹೆದರಿಕೆ ನನಗೆ ರುಚಿಸಿತು.

ನಮ್ಮದು ಅಳಿಯಕಟ್ಟಿನ ಮನೆತನ. ವಂಶ ನಡೆಯುವುದು ಹೆಣ್ಣಿನ ಹೊಟ್ಟೆಯಿಂದ. ನನ್ನ ಹೆಂಡತಿ ಮಕ್ಕಳು ನನ್ನ ಜೊತೆಗೇ ಇದ್ದರೂ ಮಕ್ಕಳು ಅವಳ ತಾಯಿಯ ಮನೆತನಕ್ಕೆ ಸೇರಿದವರು. ಅವರ ಮದುವೆಯ ಮಾತು ಅವರ ಸೋದರಮಾವನದು. ನಮ್ಮ ಮನೆತನ ಮುಂದುವರಿಯಬೇಕಾದರೆ ನನ್ನ ಒಬ್ಬಳೇ ತಂಗಿ ಗಿರಿಜೆಗೆ ಮಕ್ಕಳಾಗಬೇಕಿತ್ತು. ಇದು ನನಗೆ ಹೊಸ ವಿಷಯವಲ್ಲ. ತೊಟ್ಟಿಲಲ್ಲೇ ತಿಳಿಯುವ ಲೆಕ್ಕ.

ಹದಿನಾಲ್ಕು ವರ್ಷಗಳ ಹಿಂದೆ ಅವಳಿಗೆ ಸಂಜೀವನ ಕಡೆಯಿಂದ ಸಂಬಂಧ ಬಂತು. ಸಂಜೀವ ನನ್ನ ಸಹಪಾಠಿ. ಮೆಟ್ರಿಕ್ಯುಲೇಶನ್ನಿನಲ್ಲಿ ನಾನು ಪಾಸಾದೆ, ಅವನು ಎರಡು ಸಲ ಡುಮ್ಕಿ ಹೊಡೆದ. ಆಮೇಲೆ ಒಂದು ಬಸ್ಸು ಕೊಂಡು ತಾನೇ ಓಡಿಸಿದ. ನಾನು ಕೊಡೆ ಹಿಡಿದು ಆಫೀಸಿಗೆ ನಡೆಯುವಾಗ ಹಂಪನಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ, “ಹತ್ತು ಮಾರಾಯ, ನಿನ್ನತ್ರ ಟಿಕೇಟು ಕೇಳುದಿಲ್ಲ” ಎನ್ನುತ್ತಿದ್ದ. ಅವನ ಮಾತಿನಲ್ಲಿ ಸ್ನೇಹ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಒಂದು ದಿನವೂ ಹತ್ತಲಿಲ್ಲ.

ಆಗ ನಮ್ಮ ಮನೆಯ ಯಜಮಾನರು ಸೋದರಮಾವ. ಸಂಜೀವನ ಕಡೆಯವರು ಚಾವಡಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಬಾಗಿಲ ಸಂದಿಯಲ್ಲಿ ಗಿರಿಜೆ ಇದ್ದಳು, ತಲೆಯಲ್ಲಿ ಎರಡು ಮೊಳ ಮಲ್ಲಿಗೆ. ಅವಳಿಗೆ ಒಪ್ಪಿಗೆ ಉಂಟೆಂದು ಅಮ್ಮ ಮೊದಲೇ ಹೇಳಿದ್ದಳು. ಮಾವ ನನ್ನತ್ತ ತಿರುಗಿ, “ನೀನು ಕಲಿತವ. ಎಂತ ಹೇಳ್ತಿ?” ಎಂದು ಕೇಳಿದರು.

ಬೇಡ ಎನ್ನಲು ನನ್ನಲ್ಲಿ ಇದ್ದದ್ದು ಒಂದೇ ಕಾರಣ: ಟಿಕೇಟು ಕೇಳದವನು ನನಗೆ ಭಾವನಾಗುವುದು ಬೇಡ. ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಮಾವ ಕಪಾಳಕ್ಕೆ ಬಾರಿಸುತ್ತಿದ್ದರು. ಹಾಗಾಗಿ ಗಂಟಲು ಸರಿಮಾಡಿಕೊಂಡು, “ಈ ಸಂಬಂಧ ಇಂಜುಡೀಶಿಯಸ್” ಎಂದೆ.

ಅರ್ಥ ಯಾರಿಗೂ ಆಗಲಿಲ್ಲ, ಅರ್ಥವಾಗಲಿಲ್ಲ ಎನ್ನುವುದಕ್ಕೂ ಯಾರಿಗೂ ಮನಸ್ಸಾಗಲಿಲ್ಲ. ಮಾವ ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಹಾಗೆಯೇ ತಲೆ ತಗ್ಗಿಸಿದರು. ಸಂಜೀವನ ಕಡೆಯವರು ಎಲೆಯಡಿಕೆ ಉಗುಳಿ ಎದ್ದರು.

ಸಂಜೆ ಗಿರಿಜೆ ನನ್ನ ಹತ್ತಿರ ಬಂದು, “ಹಾಗಂದ್ರೆ ಎಂತ ಅಣ್ಣ?” ಎಂದು ಕೇಳಿದಳು.

“ಅದು ನಿನಗೆ ಗೊತ್ತಾಗುದಿಲ್ಲ,” ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲೆಲ್ಲ ಇದರಷ್ಟು ನೀಚವಾದದ್ದು ಇನ್ನೊಂದಿಲ್ಲ.

ಶಬ್ದ ನಮ್ಮ ಚಾವಡಿಯಲ್ಲಿ ನಿಲ್ಲಲಿಲ್ಲ. ಉರ್ವದ ಮಾರ್ಕೆಟಿನಲ್ಲಿ ಮೀನಿಗೆ ನಿಂತ ಹೆಂಗಸರ ಬಾಯಿಗೆ ಬಿತ್ತು. ಹುಡುಗಿಯ ಸ್ವಂತ ಅಣ್ಣನೇ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳಿ ತಡೆದನಂತೆ. ತುಳುವಿನಲ್ಲಿ ಹೇಳಲು ಬಾರದಂಥದ್ದು ಎಂದಮೇಲೆ ಅದು ಹುಡುಗಿಯದೇ ದೋಷ ಇರಬೇಕು. ಒಬ್ಬರು ಕ್ಷಯ ಎಂದರು, ಒಬ್ಬರು ನಾಗದೋಷ ಎಂದರು. ನಾನು ಮನೆಮನೆಗೆ ಹೋಗಿ ಅರ್ಥ ಹೇಳಿದೆ. ಹೇಳಿದಷ್ಟೂ ನಾನು ಮುಚ್ಚಿಡುತ್ತಿದ್ದೇನೆ ಎಂದೇ ಜನ ತಿಳಿದರು. ಬಂದ ಒಂದೆರಡು ಸಂಬಂಧಗಳು ಅಂಗಳದಿಂದಲೇ ಹಿಂದೆ ಹೋದವು. ಆಮೇಲೆ ಬರುವುದೂ ನಿಂತಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಒಲೆ ಇನ್ನೂ ಉರಿಯುತ್ತಲೇ ಇದೆ, ಬೇಯಿಸಲು ಏನೂ ಉಳಿದಿಲ್ಲ.

ಮಾವ ತೀರಿಕೊಂಡರು, ಅಮ್ಮನೂ ಹೋದಳು. ಈಗ ನಾನೇ ಯಜಮಾನ. ನನ್ನ ನಂತರ ಯಾರೂ ಇಲ್ಲ. ಗಿರಿಜೆಗೆ ಮೂವತ್ತೈದು ದಾಟಿತು. ನಮ್ಮ ಮನೆತನವನ್ನು ಬರವಾಗಲಿ ಸರಕಾರವಾಗಲಿ ಮುಗಿಸಲಿಲ್ಲ. ಮೆಟ್ರಿಕ್ಯುಲೇಶನ್ ಪಾಸಾದ ಒಬ್ಬ ಗುಮಾಸ್ತ ಒಂದೇ ಶಬ್ದದಲ್ಲಿ ಮುಗಿಸಿದ. ಇದನ್ನು ನೆನೆದಾಗ ಊಟದ ಎಲೆಯ ಮುಂದೆಯೂ ಕೈ ಓಡುವುದಿಲ್ಲ. ಬಡಿಸುವವಳು ಅವಳೇ ಅಲ್ಲವೇ?

ಮೊನ್ನೆ ಹೆಂಡತಿಯ ತಮ್ಮ ಬಂದಿದ್ದ. ನನ್ನ ಮಗಳಿಗೆ ಒಂದು ಸಂಬಂಧ ನೋಡಿದ್ದಾನೆ. ತೀರ್ಮಾನ ಅವನದೇ, ಆದರೂ ಮರ್ಯಾದೆಗೆ ಕೇಳಿದ: “ಹುಡುಗ ಬೊಂಬಾಯಿಯಲ್ಲಿ ಚಾದ ಹೋಟೆಲು ಇಟ್ಟಿದ್ದಾನೆ ಭಾವ. ಕಲಿತದ್ದು ಎಂಟನೇ ಕ್ಲಾಸು. ನೀವು ಎಂತ ಹೇಳ್ತೀರಿ?”

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ. ಎಂಟನೇ ಕ್ಲಾಸು ಎಂದು ಕೇಳಿದ ಕೂಡಲೇ ನನ್ನ ಗಂಟಲು ತಾನಾಗಿ ಸರಿಯಾಯಿತು. ಬಾಯಿ ತೆರೆದೆ. ಗಿರಿಜೆ ಕಾಫಿಯ ತಟ್ಟೆ ಹಿಡಿದು ಹತ್ತಿರವೇ ನಿಂತಿದ್ದಳು.

“ಅಣ್ಣ, ಈ ಸಲ ತುಳುವಿನಲ್ಲಿ ಹೇಳು,” ಎಂದಳು.

ಆ ಸಂಜೆಯ ಮೇಲೆ ಹದಿನಾಲ್ಕು ವರ್ಷಗಳಲ್ಲಿ ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ತುಳುವಿನಲ್ಲಿ ಬೇಡವೆನ್ನಲು ಕಾರಣ ಹುಡುಕಿದೆ. ಹೆಣ್ಣಿನ ಅಪ್ಪ ಮೆಟ್ರಿಕ್ಯುಲೇಶನ್ ಎಂಬುದೊಂದೇ ಸಿಕ್ಕಿತು. ಭಾವಮೈದ ಕಾಯುತ್ತಿದ್ದ. ಒಳಗೆ ಮಗಳ ಬಳೆ ಸದ್ದು ನಿಂತಿತ್ತು.

“ಆವು,” ಎಂದೆ. ಆಗಬಹುದು ಎನ್ನಲು ನಮ್ಮ ತುಳುವಿಗೆ ಎರಡಕ್ಷರ ಸಾಕು.

ಗಿರಿಜೆ ಭಾವಮೈದನಿಗೆ ಒಂದು ಲೋಟ, ನನಗೆ ಒಂದು ಲೋಟ ಕೊಟ್ಟಳು. “ಅವತ್ತೂ ಹೇಳ್ಲಿಕ್ಕೆ ಇದ್ದದ್ದು ಇಷ್ಟೇ ಅಲ್ಲವಾ ಅಣ್ಣ,” ಎಂದು ಬರಿದಾದ ತಟ್ಟೆ ಹಿಡಿದು ಒಳಗೆ ಹೋದಳು.