ಏಳನೇ ಬಾಟಲಿಯ ನುಸಿ

ಈ ಭಾನುವಾರ ಬೆಳಿಗ್ಗೆ ಅವ್ವ ಜೋಳದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯ ತುಂಬ ಒಂದು ವಾಸನೆ ಹರಡಿತು. ಹಳೆಯ ಹಿಟ್ಟಿನದು, ಗೋಣಿಚೀಲದ್ದು, ಅದರ ಹಿಂದೆ ಎಲ್ಲೋ ಒಂದಿಷ್ಟು ಸಿಹಿ. ಕಾಳಿಗೆ ನುಸಿ ಹತ್ತಿತ್ತು. ಅವ್ವ ಮೂಗಿಗೆ ಸೆರಗು ಹಿಡಿದು ನನ್ನನ್ನು ಕರೆದಳು.

“ನಿನ್ನ ಬೀಗರು ಬಂದಾರ ನೋಡು. ಮಾತಾಡಿಸಿ ಕಳಸು.”

ನಾನು ಡಬ್ಬಿಯನ್ನು ಮಾಳಿಗೆಯ ಮೇಲೆ ಒಯ್ದು ಕಾಳನ್ನು ಬಿಸಿಲಿಗೆ ಹರವಿದೆ. ಬೆಂಗೇರಿಯಲ್ಲಿ ನಮ್ಮ ಓಣಿಯ ಯಾರೇ ಆದರೂ ಮುಖ ತಿರುಗಿಸುವ ಆ ವಾಸನೆಗೆ ನನ್ನ ಎದೆ ಹಗುರಾಗುತ್ತದೆ. ಯಾಕೆ ಎಂದು ಹೇಳುತ್ತೇನೆ, ನೀವೂ ಸ್ವಲ್ಪ ಹೊತ್ತು ಇಲ್ಲೇ ನೆರಳಿಗೆ ಕೂತುಕೊಳ್ಳಿ. ಹೇಗೂ ಕಾಳು ಒಣಗುವ ತನಕ ನಾನು ಇಲ್ಲಿಂದ ಕದಲುವಂತಿಲ್ಲ.

ನನಗೆ ಎಣಿಸುವ ಚಟ. ದಿನಚರಿಯಲ್ಲಿ ತಾರೀಖು, ಎದ್ದ ಹೊತ್ತು, ಬಸ್ಸು ತಡವಾದ ನಿಮಿಷ, ಅವ್ವ ಬೈದ ಸಲ, ಎಲ್ಲ ಇರುತ್ತದೆ. ಅಪ್ಪನದು ಕಾಳುಕಡಿಯ ಅಂಗಡಿ. ಚಿಕ್ಕವಳಿದ್ದಾಗ ಅಲ್ಲಿ ಕೂತು ತೂತು ಬಿದ್ದ ಕಾಳುಗಳನ್ನು ಬೇರೆ ಮಾಡುತ್ತ ಎಣಿಸುತ್ತಿದ್ದೆ. ಮುಂದೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಾಗ, ಯಾವ ತಳಿಯ ಜೋಳಕ್ಕೆ ನುಸಿ ಬೇಗ ಹತ್ತುತ್ತದೆ ಎಂಬುದನ್ನೇ ವಿಷಯವಾಗಿ ಆರಿಸಿಕೊಂಡೆ. ಹತ್ತು ಗಾಜಿನ ಬಾಟಲಿ, ಬಾಯಿಗೆ ತೆಳು ಬಟ್ಟೆ, ಅದಕ್ಕೊಂದು ರಬ್ಬರು. ವಾರಕ್ಕೊಮ್ಮೆ ಬದುಕಿದ ನುಸಿ ಎಷ್ಟು, ಸತ್ತವು ಎಷ್ಟು ಎಂದು ಎಣಿಸಿ ವಹಿಯಲ್ಲಿ ಬರೆಯುವುದು. ಇದು ಕೆಲಸ ಎಂದು ಅವ್ವ ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಆಮೇಲೆ ಪಿಎಚ್.ಡಿ.ಗೆ ಫೆಲೋಶಿಪ್ ಕೊಡುವ ಪರೀಕ್ಷೆಯನ್ನೂ ಪಾಸು ಮಾಡಿದೆ. ಮನೆಯಲ್ಲಿ ಪೇಡೆ ಹಂಚಿದೆವು. ಆದರೆ ಆ ಪತ್ರಕ್ಕೊಂದು ಅವಧಿ ಇರುತ್ತದೆ. ಅಷ್ಟರೊಳಗೆ ಯಾವುದಾದರೂ ಸಂಸ್ಥೆಯಲ್ಲಿ ಸೀಟು ಸಿಗಬೇಕು, ಒಬ್ಬ ಮಾರ್ಗದರ್ಶಕರು ಒಪ್ಪಬೇಕು. ಇಲ್ಲದಿದ್ದರೆ ಪತ್ರ ಬರೀ ಕಾಗದ. ಇದಕ್ಕಾಗಿ ನಾನು ದಿನಚರಿಯ ಕೊನೆಯಲ್ಲಿ ಒಂದು ಪುಟಕ್ಕೆ ಗೆರೆ ಹೊಡೆದೆ. ಅವಧಿಗೆ ಐದು ತಿಂಗಳು ಉಳಿದಾಗ ಆ ಪುಟ ಹೀಗಿತ್ತು: ಅರ್ಜಿ ಹದಿನಾರು, ಕರೆ ಬಂದದ್ದು ಐದು, “ತಿಳಿಸುತ್ತೇವೆ” ಎಂದವರು ಐದು, ತಿಳಿಸಿದವರು ಸೊನ್ನೆ.

ಅರ್ಜಿಯ ಜೊತೆ ನಮ್ಮ ಗುರುಗಳ ಶಿಫಾರಸು ಪತ್ರ ಇಡಬೇಕು. ನಮ್ಮಲ್ಲಿ ಅದನ್ನು ಪಡೆಯುವ ರೀತಿ ನಿಮಗೂ ಗೊತ್ತಿರಬಹುದು. ಗುರುಗಳ ಬಳಿ ಹೋಗಿ ಕೈಕಟ್ಟಿ ನಿಂತರೆ, “ನೀನ ಬರಕೊಂಡ ಬಾ, ನಾ ಸಹಿ ಮಾಡತೇನಿ” ಅನ್ನುತ್ತಾರೆ. ನಮ್ಮನ್ನು ನಾವೇ ಹೊಗಳಿಕೊಳ್ಳಬೇಕು. ಮೊದಲ ಸಲ ನಾನು ಇಡೀ ಮಧ್ಯಾಹ್ನ ಕೂತು “ಈ ವಿದ್ಯಾರ್ಥಿನಿ ಸಮಯಕ್ಕೆ ಬರುತ್ತಾಳೆ” ಎಂದು ಬರೆದು, ಅದರ ಮುಂದೆ ಹೋಗಲಾಗದೆ ಬಿಟ್ಟೆ. ಆಗ ಒಬ್ಬ ಹಿರಿಯ ವಿದ್ಯಾರ್ಥಿನಿ ತನ್ನ ಪತ್ರ ಕಳಿಸಿದಳು. ಅವಳಿಗೆ ಅದು ಅವಳ ಹಿರಿಯರಿಂದ ಬಂದದ್ದು. ಹೆಸರು ಬದಲಿಸಿದರೆ ಮುಗಿಯಿತು. “ನನ್ನ ಮೂವತ್ತು ವರ್ಷದ ಅಧ್ಯಾಪನದಲ್ಲಿ ಕಂಡ ಅತ್ಯುತ್ತಮ ವಿದ್ಯಾರ್ಥಿನಿ” ಎಂದು ಅದು ಶುರುವಾಗುತ್ತಿತ್ತು. ಸರ್ ಓದದೆ ಸಹಿ ಮಾಡಿದರು. ನಾನು ಅದನ್ನು ನನ್ನ ಗೆಳತಿ ಮೆಹರುನ್ನಿಸಾಗೂ ಕೊಟ್ಟೆ. ಅವಳು ನನ್ನ ಸಹಪಾಠಿ. ನಮ್ಮ ಓಣಿಯ ತಿರುವಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವವರ ಮಗಳು. ಅವಳ ಪತ್ರಕ್ಕೂ ಅದೇ ಸರ್, ಅದೇ ಸಹಿ.

ಐದನೇ ಸಂದರ್ಶನಕ್ಕೆ ಇಬ್ಬರಿಗೂ ಒಂದೇ ದಿನ ಕರೆ ಬಂತು. ಬೇರೆ ಊರು, ಉದ್ದ ಮೇಜು, ಮೇಜಿನಾಚೆ ನಾಲ್ವರು. ನಾನು ಕೂತ ಕೂಡಲೇ ಅಧ್ಯಕ್ಷರು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನನ್ನ ಕಡೆ ತಿರುಗಿಸಿದರು. ನಿಮ್ಮ ಗುರುಗಳು ಮೂವತ್ತು ವರ್ಷದಲ್ಲಿ ಕಂಡ ಅತ್ಯುತ್ತಮ ವಿದ್ಯಾರ್ಥಿನಿ ನೀವೋ, ಹೊರಗೆ ಕೂತಿರುವ ಆ ಹುಡುಗಿಯೋ ಎಂದು ಮೆಲ್ಲಗೆ ಕೇಳಿದರು. ನನ್ನ ಬಾಯಿಂದ ಏನು ಹೊರಟಿತೋ ನೆನಪಿಲ್ಲ. ದಿನಚರಿಯಲ್ಲಿ ಅಂದಿನ ತಾರೀಖಿನ ಕೆಳಗೆ ಒಂದೇ ಸಾಲು ಇದೆ: ಒಳಗಿದ್ದದ್ದು ನಾಲ್ಕು ನಿಮಿಷ.

ವಾಪಸು ಬರುವಾಗ ಬಸ್ಸಿನಲ್ಲಿ ಮೆಹರುನ್ನಿಸಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅವಳಿಗೆ ಆ ಪತ್ರ ಕೊಟ್ಟವಳು ನಾನು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕಿಟಕಿಯಿಂದ ಮುಖ ತಿರುಗಿಸಿದಳು.

“ಖರೇ ಹೇಳ್ತೇನಿ ಕೇಳು. ಅತ್ಯುತ್ತಮದಾಕಿ ನಾನ. ನೀ ಎರಡನೇದಾಕಿ.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನನಗೆ ಹೆದರಿಕೆಯಾಯಿತು. ಅವಳ ಫೆಲೋಶಿಪ್ಪಿಗೆ ಇನ್ನೂ ಅವಧಿಯಿತ್ತು, ಇನ್ನೊಂದು ವರ್ಷ ಕಾಯಬಲ್ಲಳು. ನನ್ನ ಫೆಲೋಶಿಪ್ ಪತ್ರದ ಅವಧಿ ಕಾಯುವುದಿಲ್ಲ.

ಮರುದಿನವೇ ಧಾರವಾಡದ ಮಾಳಮಡ್ಡಿಯಲ್ಲಿರುವ ಸರ್ ಮನೆಗೆ ಹೋದೆ. ಅವರು ಆಗಷ್ಟೇ ನಿವೃತ್ತರಾಗಿದ್ದರು. ಧಾರವಾಡದಲ್ಲೇ ಇನ್ನೊಂದು ಸಂಸ್ಥೆಯಲ್ಲಿ ಎರಡು ಸೀಟು ಇವೆಯೆಂದು ಹೇಳಿ, ಈ ಸಲ ಪತ್ರವನ್ನು ಅವರೇ ಬರೆಯಬೇಕೆಂದು ಕೇಳಿದೆ. ಅವರು ಎಂದಿನಂತೆ ನೀನೇ ಬರೆದುಕೊಂಡು ಬಾ ಎಂದರು. ಆಗ ಎರಡು ಕಾಗದಗಳ ಕಥೆ ಹೇಳಲೇಬೇಕಾಯಿತು. ಸರ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಿಟ್ಟಾದರೇನೋ ಅಂದುಕೊಂಡೆ.

“ನಿನ್ನ ಬಗ್ಗೆ ನನಗೇನ ಗೊತ್ತೈತಿ, ಹೇಳವಾ? ಎರಡ ವರ್ಷ ನನ್ನ ಕೈಯಾಗ ಕಲತಿ. ಹೆಸರೊಂದ ಗೊತ್ತೈತಿ.”

ಆಮೇಲೆ ಅವರೇ, ನುಸಿ ಎಣಿಸಿದ ವಹಿಗಳು ಇನ್ನೂ ಇವೆಯೇ ಎಂದು ಕೇಳಿದರು. ನಾಲ್ಕು ಇವೆ ಎಂದೆ. ತಂದುಕೊಡು, ಒಂದು ವಾರ ಬೇಕು ಎಂದರು.

ಮನೆಗೆ ಬಂದು ವಹಿಗಳನ್ನು ತೆಗೆದು ತಿರುವಿದೆ. ಮೂರನೆಯ ವಹಿಯಲ್ಲಿ ಹದಿನಾಲ್ಕನೇ ವಾರದ ಪುಟವಿತ್ತು. ಗಣೇಶನ ಹಬ್ಬದ ರಜೆ ಮುಗಿಸಿ ವಿಭಾಗಕ್ಕೆ ಹೋದಾಗ ಏಳನೇ ಬಾಟಲಿಯ ರಬ್ಬರು ಹರಿದು ಬಟ್ಟೆ ಜಾರಿತ್ತು. ನೂರಕ್ಕೂ ಮೇಲಿದ್ದ ನುಸಿಯಲ್ಲಿ ಉಳಿದದ್ದು ಹನ್ನೊಂದು. ಯಾರಿಗೂ ಹೇಳಿರಲಿಲ್ಲ. ಆ ಬಾಟಲಿಯನ್ನು ಲೆಕ್ಕದಿಂದ ಕೈಬಿಟ್ಟದ್ದಾಗಿ ಪ್ರಬಂಧದ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದೆ. ಆದರೆ ವಹಿಯಲ್ಲಿ ಮಾತ್ರ ಎಲ್ಲ ಇತ್ತು: “ರಬ್ಬರು ಹಳೆಯದು ಎಂದು ಗೊತ್ತಿತ್ತು. ಬದಲಿಸಲಿಲ್ಲ. ತಪ್ಪು ನನ್ನದು.” ಆ ಹಾಳೆಯ ಅಂಚಿಗೆ ಸ್ಕೇಲು ಇಟ್ಟು, ಬ್ಲೇಡು ಹಿಡಿದು ಕೂತೆ. ಕೊನೆಗೆ ಹರಿಯಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ತಿಳಿಯಬೇಡಿ. ಪುಟಗಳಿಗೆಲ್ಲ ನಾನೇ ಸಂಖ್ಯೆ ಹಾಕಿದ್ದೆ. ಒಂದು ಹೋದರೆ ಮುಚ್ಚಿಡಲಾಗುತ್ತಿರಲಿಲ್ಲ.

ವಾರ ಕಳೆದು ಸರ್ ಒಂದು ಲಕೋಟೆ ಕೊಟ್ಟರು. ಅಂಟಿಸಿದ ಜಾಗದ ಮೇಲೆ ಅಡ್ಡಕ್ಕೆ ಸಹಿ. ವಹಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನನ್ನೇ ನೋಡುತ್ತಿದ್ದುದರಿಂದ ನಾಚಿ ಚೀಲದೊಳಗಿಟ್ಟೆ. ಅದು ದಪ್ಪ ಖಾಕಿ ಕಾಗದ, ಏನೂ ಕಾಣುವಂತೆಯೂ ಇರಲಿಲ್ಲ.

ಆರನೇ ಸಂದರ್ಶನದ ಹೊತ್ತಿಗೆ ಅವಧಿಗೆ ಮೂರು ವಾರ ಉಳಿದಿತ್ತು. ಅಧ್ಯಕ್ಷತೆ ಒಬ್ಬ ಮೇಡಂ ಅವರದು. ಮೊದಮೊದಲು ಇಂಗ್ಲಿಷಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಗಳೇ ಬಂದವು, ನಾನೂ ಎಲ್ಲರೂ ಕೊಡುವ ಉತ್ತರಗಳನ್ನೇ ಕೊಟ್ಟೆ. ಆಮೇಲೆ ಅವರು ಸರ್ ಬರೆದ ಕಾಗದ ಬಿಡಿಸಿದರು. ಅದು ಕೈಬರಹದಲ್ಲಿತ್ತು. ಓದಿ, ಮೇಲೆ ನೋಡಿ, ಕನ್ನಡಕ್ಕೆ ಇಳಿದರು.

“ಏಳನೇ ಬಾಟಲಿದು ಏನ ಆತು, ಹೇಳ್ರಿ.”

ಎಲ್ಲ ಮುಗಿಯಿತು ಎಂದುಕೊಂಡೆ. ಮುಗಿದ ಮೇಲೆ ಹೆದರುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹರಿದ ರಬ್ಬರು, ಹನ್ನೊಂದು ನುಸಿ, ಆ ರಾತ್ರಿ ಊಟ ಸೇರದ್ದು. ಮರುವಾರದಿಂದ ಎಲ್ಲ ಬಾಟಲಿಗೂ ರಬ್ಬರಿನ ಬದಲು ನೂಲಿನ ಎರಡು ಸುತ್ತು ಕಟ್ಟಿದ್ದನ್ನೂ ಹೇಳಿದೆ. ಮೇಡಂ ನೂಲು ಎಷ್ಟು ಬಿಗಿ ಕಟ್ಟಬೇಕು ಎಂದು ಕೇಳಿದರು. ಇನ್ನೊಬ್ಬರು ತಾವು ಓದುವಾಗ ಬಟ್ಟೆಯನ್ನೇ ಕೊರೆದು ಹೊರಬಿದ್ದ ಹುಳುವಿನ ಕಥೆ ತೆಗೆದರು. ನೋಡುನೋಡುತ್ತ ಅರ್ಧ ಗಂಟೆ ಹೋಗಿತ್ತು. ಎದ್ದು ನಿಂತಾಗ ಮೇಡಂ ಪತ್ರದ ಒಂದೇ ಸಾಲನ್ನು ಓದಿ ಹೇಳಿದರು. ಅದನ್ನು ನಾನು ಆವತ್ತೇ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ: “ಎರಡು ವರ್ಷ ಈಕೆ ನನ್ನ ಕಣ್ಣೆದುರಿಗಿದ್ದಳು. ನಾನು ಈಕೆಯನ್ನು ಈ ವಾರ ನೋಡಿದೆ.”

ಹತ್ತು ದಿನದ ಮೇಲೆ ಪಟ್ಟಿ ಹಾಕಿದರು. ಎರಡು ಸೀಟು, ಎರಡನೆಯ ಹೆಸರು ನನ್ನದು. ಅವಧಿಗೆ ಇನ್ನೂ ಹನ್ನೊಂದು ದಿನವಿತ್ತು. ನೋಟಿಸ್ ಬೋರ್ಡಿನ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಂತೋಷವೋ ಅಲ್ಲವೋ ತಿಳಿಯಲಿಲ್ಲ. ಐದು ತಿಂಗಳು ಬಿಗಿಹಿಡಿದ ಉಸಿರು ಕಂತುಕಂತಾಗಿ ಹೊರಗೆ ಬರುತ್ತಿತ್ತು. ಮನೆಗೆ ಫೋನು ಮಾಡಿದರೆ ಅವ್ವ ಎರಡು ಸಲ ಹೇಳಿಸಿಕೊಂಡಳು. “ಅಂದ್ರ ಇನ್ನ ಮ್ಯಾಲ ನುಸಿ ಎಣಸಾಕ ಪಗಾರ ಕೊಡತಾರ?” ಹೌದು ಎಂದೆ. ಆ ಕಡೆ ಅವಳು ಅಪ್ಪನಿಗೆ ಅದನ್ನೇ ಹೇಳಿ ನಗುವುದು ಕೇಳಿಸಿತು. ನಗುತ್ತ ನಗುತ್ತ ಮೂಗೆಳೆದುಕೊಂಡದ್ದೂ ಕೇಳಿಸಿತು.

ಸರ್‌ಗೆ ಹೇಳಲು ಹೋದಾಗ ಅವರು ಇನ್ನೊಂದು ಸಂಗತಿ ಹೇಳಿದರು. ನನ್ನ ಬಾಟಲಿಯ ರಬ್ಬರು ಹರಿದ ವರ್ಷ ಅವರ ಕಪಾಟಿನ ಬಿಸ್ಕತ್ತಿನ ಡಬ್ಬಿಯ ತುಂಬ ನುಸಿ ಬಿದ್ದಿತ್ತಂತೆ. ಕಪಾಟು ಒರೆಸಲಿಲ್ಲವೆಂದು ವಿಭಾಗದ ಜವಾನನನ್ನು ಎಲ್ಲರೆದುರು ಬೈದಿದ್ದರಂತೆ. ನನ್ನ ವಹಿ ಓದಿದ ಮೇಲೆ, ಲಕಮನಹಳ್ಳಿಯಲ್ಲಿರುವ ಆತನ ಮನೆ ಹುಡುಕಿಕೊಂಡು ಹೋಗಿ ತಪ್ಪು ಒಪ್ಪಿಕೊಂಡು ಬಂದರಂತೆ. ನನ್ನ ತಲೆ ತಗ್ಗಿತು. ಮುಂದಿನ ವಾರ ನಾನೂ ಹೋಗಿ ಬಂದೆ. ಆತ ಚಹಾ ಕೊಟ್ಟು, ಎಷ್ಟು ಜನ ಬರೋರು ಇದ್ದೀರಿ, ಮೊದಲೇ ಹೇಳಿ ಎಂದು ನಕ್ಕ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಮಾಳಿಗೆಯ ಮೇಲಿನ ಕಾಳು ಒಣಗಿತು, ಮೊರದಲ್ಲಿ ಕೇರಿ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಮೆಹರುನ್ನಿಸಾಳ ಜೊತೆ ಮಾಳಮಡ್ಡಿಗೆ ಹೊರಟೆ. ಕಳೆದ ವಾರ ಸರ್ ತಾವಾಗಿಯೇ ಫೋನು ಮಾಡಿ, ಅವಳು ಈ ವರ್ಷ ಅರ್ಜಿ ಹಾಕುತ್ತಿದ್ದಾಳಲ್ಲ, ವಹಿಗಳ ಸಮೇತ ಕರೆದುಕೊಂಡು ಬಾ ಎಂದಿದ್ದರು. ಬಸ್ಸಿನಲ್ಲಿ ಅವಳು ಮೂರು ಸಲ ಇಳಿದುಬಿಡುತ್ತೇನೆ ಎಂದಳು. ಎಣಿಸಿದ್ದು ನಾನೇ.

ಸರ್ ಜಗಲಿಯ ಮೇಲೆ ಕೂತಿದ್ದರು. ಅವಳು ವಹಿಗಳನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೇ ನಿಂತಳು.

“ಸರ್, ಇದರಾಗ ಬರೇ ತಪ್ಪ ಅದಾವ್ರಿ.”

“ಎಷ್ಟ ಅದಾವು?”

“ನಾ ಇಕಿಯಂಗ ಎಣಿಸಿಲ್ರಿ.”

“ನಾ ಎಣಸತೇನಿ,” ಎಂದು ಸರ್ ಕನ್ನಡಕ ಹಾಕಿಕೊಂಡು ಪಕ್ಕದ ಕುರ್ಚಿ ಎಳೆದರು. “ಬಾ, ಕೂಡವಾ.”